ಅದೇ ಬೀಸೋಕಲ್ಲು

ಮತ್ಮಾತಾದ ಆ ಮನೆಯಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು ಬೀಸೋಕಲ್ಲು. ಅದೇ ಎರಡು ಕಲ್ಲು, ಅದೇ ಗೂಟ. ಮನೆಯ ಅಜ್ಜಿ ಬಾರ್ಲಿ ಬೀಸುತ್ತಿದ್ದರು. ನಾನು ಎದುರು ಕೂತು ಗೂಟಕ್ಕೆ ಕೈ ಹಾಕಿದೆ. ಅವರು ನಕ್ಕು ಜಾಗ ಬಿಟ್ಟರು.

ಟುನೀಷಿಯಾ ದೇಶದ ದಕ್ಷಿಣ ಭಾಗದಲ್ಲಿ, ಸಹಾರಾ ಅಂಚಿನ ಊರು ಇದು. ಇಲ್ಲಿನ ಬರ್ಬರ್ ಜನ, ಅಂದರೆ ಉತ್ತರ ಆಫ್ರಿಕಾದ ಮೂಲನಿವಾಸಿಗಳು, ನೆಲವನ್ನೇ ಬಾವಿ ಹಾಗೆ ತೋಡಿ ಮನೆ ಮಾಡಿಕೊಂಡಿದ್ದಾರೆ. ಏಳೆಂಟು ಮೀಟರ್ ಆಳದ ಗುಂಡಿಯೇ ಅಂಗಳ. ಅದರ ಸುತ್ತ ಮಣ್ಣು ಕೊರೆದು ಮಾಡಿದ, ಸುಣ್ಣ ಬಳಿದ ಕೋಣೆಗಳು. ದೃಷ್ಟಿ ತಾಕದಿರಲಿ ಅಂತ ಗೋಡೆ ಮೇಲೆ ಮೀನು, ಅಂಗೈ ಚಿತ್ರ. ಒಳಗೆ ಬರಲು ಇಳಿಜಾರಿನ ಕಡೆಯಿಂದ ಒಂದು ಸುರಂಗ. ಕಾಳಿನ ಕೋಣೆ ಮೇಲಂತಸ್ತಿನಲ್ಲಿ. ನೆಲದ ಮೇಲೆ ನಿಂತು ತೂತಿನಲ್ಲಿ ಕಾಳು ಸುರಿದರೆ ನೇರ ಅಲ್ಲಿಗೇ ಬೀಳುತ್ತದೆ. ನಮ್ಮ ಹಗೇವು ನೆನಪಾಗದೆ ಇರುತ್ತಾ?

ಹೊರಗೆ ಜುಲೈ ಬಿಸಿಲು. ಒಳಗೆ ಫ್ಯಾನ್ ಇಲ್ಲ, ಆದರೂ ತಂಪು. ಬಾಗಲಕೋಟೆ ಕಡೆಯ ನಮ್ಮ ಮಣ್ಣಿನ ಮಾಳಿಗೆ ಮನೆಯ ಪಡಸಾಲೆಯೂ ಹೀಗೇ ಇತ್ತು. ಮೇ ತಿಂಗಳ ಮಧ್ಯಾಹ್ನ ಚಾಪೆ ಹಾಸಿದರೆ ಸಾಕು, ನಿದ್ದೆ. ಆರು ವರ್ಷದ ಹಿಂದೆ ಅಣ್ಣ ಅದನ್ನು ಕೆಡವಿ ಆರ್‌ಸಿಸಿ ಹಾಕಿಸಿದ. ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಕರೆಂಟು ಹೋದರೆ ಒಳಗೆ ಕೂರಲು ಆಗಲ್ಲ. ಅವ್ವ ಬೇವಿನ ಮರದ ಕೆಳಗೆ ಹೊರಸು ಹಾಕಿಸಿಕೊಂಡು ಮಲಗಿದ್ದಳು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮಣ್ಣಿನ ಮನೆ ಅಂದರೆ ನಮಗೆ ನಾಚಿಕೆ ಯಾಕೆ? ಹೆಣ್ಣು ಕೊಡುವವರು ಮೊದಲು ಮಾಳಿಗೆ ನೋಡುತ್ತಾರೆ ಅಂತ ಅಣ್ಣ ಅಂದಿದ್ದ. ಈ ಅಜ್ಜಿಯಾದರೋ ಕೋಣೆ ಕೋಣೆಗೂ ಕೈಹಿಡಿದು ಕರೆದುಕೊಂಡು ಹೋದರು. ರೊಟ್ಟಿ, ಆಲಿವ್ ಎಣ್ಣೆ, ಜೇನು ತಂದಿಟ್ಟರು.

ಚಹಾ ಕುಡಿಯುವಾಗ ಅವರ ಮಗನ ಜೊತೆ ನನಗೆ ಬರುವ ಫ್ರೆಂಚಿನಲ್ಲಿ ಮಾತಾಡಿದೆ. ಅವನ ಹೆಂಡತಿ ಮಕ್ಕಳು ಇರುವುದು ಸುಮಾರು 15 ಕಿಲೋಮೀಟರ್ ದೂರದ ಹೊಸ ಮತ್ಮಾತಾದಲ್ಲಿ, ಸಿಮೆಂಟ್ ಮನೆಯಲ್ಲಿ. 1969ರ ಮಳೆಗೆ ಇಲ್ಲಿ ಎಷ್ಟೋ ಮನೆ ಹಾಳಾದವಂತೆ. ಈ ಮನೆ ನಡೆಯುತ್ತಿರುವುದು ನಮ್ಮಂಥವರು ಕೊಡುವ ದುಡ್ಡಿನಿಂದ.

ನಾನು ಸುಮ್ಮನಾದೆ. ಅವ್ವ ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆ ಮೇಲೆ ಮಣ್ಣು ಹೊತ್ತು ಹಾಕುತ್ತಿದ್ದಳು. ಅವಳ ಸೊಂಟ ಹೋಗಿದ್ದು ಹಾಗೆಯೇ. ಸೋರಿದ ರಾತ್ರಿ ಪಡಸಾಲೆ ತುಂಬ ಪಾತ್ರೆ ಇಡುತ್ತಿದ್ದೆವು. ಪ್ಯಾರಿಸ್ಸಿಗೆ ಬಂದು ಹನ್ನೊಂದು ವರ್ಷವಾಯಿತು, ಅದೆಲ್ಲ ಮರೆತೇ ಹೋಗಿತ್ತು. ಆದರೂ ಹಿತ್ತಲ ಕಡೆ ಒಂದು ಕೋಣೆಯನ್ನಾದರೂ ಉಳಿಸಬಹುದಿತ್ತು, ಅಲ್ವಾ?

ರಾತ್ರಿ ಅಣ್ಣನಿಗೆ ಫೋನ್ ಮಾಡಿ ನಮ್ಮ ಬೀಸೋಕಲ್ಲು ಎಲ್ಲಿದೆ ಅಂತ ಕೇಳಿದೆ. ಹಿತ್ತಲಲ್ಲಿ, ನಲ್ಲಿ ಹತ್ತಿರ ಬಿದ್ದಿದೆ ಅಂದ. ತೊಳೆದು ಒಳಗಿಡು ಅಣ್ಣ, ನಾನು ಡಿಸೆಂಬರಿಗೆ ಬರ್ತೀನಿ ಅಂದೆ.