ಡೋರ್ನಹಳ್ಳಿಯವರ ಖಾಲಿ ಕೈ

ಬಲಗೈ ಹೆಬ್ಬೆರಳಿಗೆ ಮೆತ್ತಿದ ಫೆವಿಕ್ವಿಕ್ ಇನ್ನೂ ಬಿಟ್ಟಿಲ್ಲ. ಫೋನು ನನ್ನ ಬೆರಳಚ್ಚು ಗುರುತೇ ಹಿಡಿಯುತ್ತಿಲ್ಲ. ಸಂತ ಅಂತೋಣಿಯವರ ಹಬ್ಬ ಮುಗಿದು ಎರಡು ದಿನವಾಯಿತು.

ಮನೆಯಲ್ಲಿ ಮಕ್ಕಳ ಜೊತೆ ಸಂತರ ಹಬ್ಬ ಮಾಡಬೇಕು ಅಂತ ಹೊರಟವಳು ನಾನೇ. ಹಾಗಾಗಿ ಇನ್ನೊಬ್ಬರನ್ನು ಬೈಯುವ ಹಾಗೂ ಇಲ್ಲ. ಧರ್ಮೋಪದೇಶ ತರಗತಿಯಲ್ಲಿ ಹೇಳಿದ್ದು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ, ಪಾಯಸದ ಜೊತೆ ಹೇಳಿದರೆ ಒಳಗೆ ಉಳಿದೀತು ಅನ್ನುವ ಲೆಕ್ಕ ನನ್ನದು. ಮಾರ್ಚ್ 19ಕ್ಕೆ ಸಂತ ಜೋಸೆಫರ ಹೆಸರಲ್ಲಿ ಶಾವಿಗೆ ಪಾಯಸ ಮಾಡಿದೆ. ಮಾರನೇ ದಿನದಿಂದ ಮಗ ಅಡುಗೆಮನೆಯ ಚರ್ಚ್ ಕ್ಯಾಲೆಂಡರ್ ಓದಲು ಶುರುಮಾಡಿದ. ಹೆಚ್ಚುಕಡಿಮೆ ದಿನಕ್ಕೊಬ್ಬರು ಸಂತರಿದ್ದಾರೆ ಅಂತ ಅವನಿಗೆ ಗೊತ್ತಾಗಿದ್ದೇ ನನ್ನ ಗ್ರಹಚಾರ ಕೆಟ್ಟಿತು.

"ಅಮ್ಮಾ, ಜೂನ್ 29ಕ್ಕೆ ಪೇತ್ರ, ಪೌಲ ಇಬ್ಬರೂ ಇದ್ದಾರೆ. ಎರಡು ಸ್ವೀಟು, ಅಲ್ವಾ?"

ಜುಲೈ 26 ಯೇಸುವಿನ ಅಜ್ಜಿ ತಾತನ ಹಬ್ಬ ಅಂತ ಕಂಡಿದ್ದೇ ತಡ, ನಮ್ಮ ಅತ್ತೆಯೂ ಅವನ ಪಕ್ಷ ಸೇರಿದರು. ನಾನು ಆಗಸ್ಟ್ 10ರ ಮೇಲೆ ಬೆರಳಿಟ್ಟು, "ಸಂತ ಲಾರೆನ್ಸರು ಅಡುಗೆಯವರ ಪಾಲಕರು, ಅವತ್ತು ನನಗೆ ರಜೆ" ಅಂದೆ. ಯಾರಿಗೂ ಕೇಳಿಸಲಿಲ್ಲ. ನವೆಂಬರ್ 1ಕ್ಕೆ ಸಕಲ ಸಂತರ ಹಬ್ಬ ಅಂತಲೇ ಒಂದಿದೆ. ಎಲ್ಲರದ್ದನ್ನೂ ಅವತ್ತೇ ಮುಗಿಸಿದ್ದರೆ ಸಕ್ಕರೆ ಡಬ್ಬವಾದರೂ ಉಳಿಯುತ್ತಿತ್ತು.

ಅದೆಲ್ಲ ಹೋಗಲಿ. ಜೂನ್ 13ರ ಕಥೆಯೇ ಬೇರೆ.

ಅಂತೋಣಿಯವರು ಕಳೆದದ್ದನ್ನು ಹುಡುಕಿಕೊಡುವ ಸಂತರು. ಮಠದ ಹುಡುಗನೊಬ್ಬ ಅವರ ಕೀರ್ತನೆಗಳ ಪುಸ್ತಕ ಎತ್ತಿಕೊಂಡು ಪರಾರಿಯಾದನಂತೆ. ಇವರು ಪ್ರಾರ್ಥನೆ ಮಾಡಿದ ಮೇಲೆ ತಾನಾಗಿ ತಂದುಕೊಟ್ಟನಂತೆ. ನಮ್ಮತ್ತೆ ಪ್ರಾರ್ಥನೆಯ ತನಕ ಹೋಗುವವರಲ್ಲ. ನೇರ ದಬಾಯಿಸುತ್ತಾರೆ. ಬೀಗದ ಕೈ ಕಾಣಲಿಲ್ಲವೋ, ಪ್ರತಿಮೆಯ ಮುಖ ಗೋಡೆ ಕಡೆಗೆ. ಗ್ಯಾಸ್ ಪುಸ್ತಕ ಕಾಣಲಿಲ್ಲವೋ, ಮೇಣದಬತ್ತಿ ಬಂದ್. ಒಂದು ಸಲ ಕಿವಿಯೋಲೆಯ ತಿರುಪು ಬಿದ್ದುಹೋದಾಗ ಪಾಪ ಮೂರು ದಿನ ಬೀರುವಿನೊಳಗೆ ಸೀರೆಗಳ ಮಧ್ಯೆ ನಿಂತಿದ್ದರು. ಪಾದುವಾದಲ್ಲಿ 1231ರಲ್ಲಿ ತೀರಿಕೊಂಡವರನ್ನು ಒಂದು ವರ್ಷವೂ ತುಂಬುವ ಮೊದಲೇ ಸಂತರೆಂದು ಘೋಷಿಸಿದರು. ಮೈಸೂರಿನ ನಮ್ಮ ಮನೆಯಲ್ಲಿ ಅವರಿಗೆ ಆ ಮರ್ಯಾದೆಯೇನೂ ಇಲ್ಲ.

ಇನ್ನೊಂದು ವಿಷಯ. ಅತ್ತೆ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ನಮ್ಮ ಮಾವನ ಹೆಸರೂ ಅಂತೋಣಿಯೇ. ಗಂಡನ ಹೆಸರು ಬಾಯಲ್ಲಿ ಬರಬಾರದಲ್ಲ, ಹಾಗಾಗಿ ಸಂತರು 'ಡೋರ್ನಹಳ್ಳಿಯವರು' ಆಗಿದ್ದಾರೆ. ಅತ್ತೆಯ ತವರು ಕೆ.ಆರ್. ನಗರದ ಕಡೆ. ಅಲ್ಲಿನ ಡೋರ್ನಹಳ್ಳಿಯ ಸಂತ ಅಂತೋಣಿ ಚರ್ಚು ಅವರಿಗೆ ಪಕ್ಕದ ಬೀದಿ ಇದ್ದ ಹಾಗೆ. 2019ರಲ್ಲಿ ಅದಕ್ಕೆ ಬಸಿಲಿಕಾ ಅನ್ನುವ ದೊಡ್ಡ ಪದವಿ ಬಂದಾಗ ತಮಗೇ ಬಡ್ತಿ ಸಿಕ್ಕ ಹಾಗೆ ಓಡಾಡಿದ್ದರು.

ಹಬ್ಬಕ್ಕೆ ಎರಡು ದಿನ ಮುಂಚೆ ಅತ್ತೆಯ ಕನ್ನಡಕ ಕಳೆಯಿತು. ಮಾರನೇ ದಿನ ಫ್ರಿಜ್ಜಿನಲ್ಲಿ ದಂಟಿನ ಸೊಪ್ಪಿನ ಕಟ್ಟಿನ ಕೆಳಗೆ ಸಿಕ್ಕಿತು. ನಮ್ಮ ಮನೆಯಲ್ಲಿ ಇದು ಸುದ್ದಿಯೇ ಅಲ್ಲ. ಎಲ್ಲರೂ ಮರೆತೆವು.

ಹಬ್ಬದ ಬೆಳಗ್ಗೆ ಪ್ರತಿಮೆ ಒರೆಸುವ ಕೆಲಸ ಮಕ್ಕಳಿಗೆ ಕೊಟ್ಟಿದ್ದೆ. ಮಗಳು ಓಡಿಬಂದಳು. "ಅಮ್ಮಾ, ಬಾಲ ಯೇಸು ಇಲ್ಲ!"

ನಿಜವಾಗಿಯೂ ಇರಲಿಲ್ಲ. ಅಂತೋಣಿಯವರ ಕೈಮೇಲೆ ಕೂತಿರುವ ಆ ಮಗು ಕಿತ್ತು ಬರುವುದು ಹಳೇ ಕಥೆ. ಮೊದಲೆಲ್ಲ ಮಾವ ಕನ್ನಡಕ ಹಾಕಿಕೊಂಡು, ನಾಲಿಗೆ ಕಚ್ಚಿಕೊಂಡು ಅಂಟಿಸುತ್ತಿದ್ದರು. ಈಗ ಮಗುವೇ ನಾಪತ್ತೆ. ಒಂದು ಕೈಯಲ್ಲಿ ಲಿಲ್ಲಿ ಹೂವು, ಇನ್ನೊಂದು ಕೈ ಖಾಲಿ ಚಾಚಿಕೊಂಡು ಅಂತೋಣಿಯವರು ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳುವವರ ಹಾಗೆ ನಿಂತಿದ್ದರು.

"ಮಕ್ಕಳದ್ದೇ ಕೆಲಸ" ಅಂದರು ಅತ್ತೆ. ನಾನೂ ಹೌದೆಂದು ಇಬ್ಬರನ್ನೂ ನಿಲ್ಲಿಸಿ ವಿಚಾರಣೆ ಮಾಡಿದೆ. ಸೋಫಾ ಎಳೆದೆ. ಅಕ್ಕಿ ಡಬ್ಬದೊಳಗೆ ಕೈ ಹಾಕಿದೆ. ವಾಷಿಂಗ್ ಮೆಷಿನ್ ಫಿಲ್ಟರ್ ಬಿಚ್ಚಿದೆ, ಮಗನ ಕಾಲುಚೀಲ ಮತ್ತು ಎರಡು ರೂಪಾಯಿ ಸಿಕ್ಕಿತು. ನನ್ನವರು ಪೇಪರ್ ಕೆಳಗಿಳಿಸದೆ, "ಆನ್‌ಲೈನಲ್ಲಿ ಹಾಕು, ನಾಳೆ ಬರುತ್ತೆ" ಅಂದರು.

ಮಗನಿಗೆ ತರ್ಕದ ತೊಂದರೆ. "ಅಜ್ಜಿ, ಕಳೆದದ್ದಕ್ಕೆಲ್ಲ ಅಂತೋಣಿಯವರನ್ನ ಕೇಳ್ತೀವಿ. ಅವರದ್ದೇ ಕಳೆದ್ರೆ ಯಾರನ್ನ ಕೇಳೋದು?"

"ಡೋರ್ನಹಳ್ಳಿಯವರು ಹೊಲ ಉಳುವಾಗ ನೇಗಿಲಿಗೆ ಸಿಕ್ಕಿದವರು ಕಣೋ. ಮಣ್ಣೊಳಗೆ ಇದ್ದವರೇ ಸಿಕ್ಕಿದ್ರು, ಮಗು ಸಿಗಲ್ವಾ?"

ಕಥೆ ಹೇಳುವುದೇನೋ ಸರಿ, ಯಾರಿಗೆ ಹೇಳುತ್ತೇವೆ ಅಂತ ನೋಡಬೇಡವಾ? ಹತ್ತು ನಿಮಿಷದಲ್ಲಿ ನನ್ನ ಕರಿಬೇವಿನ ಕುಂಡ ಬುಡಮೇಲಾಗಿತ್ತು. ಒಗ್ಗರಣೆಗೆ ಎಲೆ ಕೀಳಲೂ ಮನಸ್ಸು ಬಾರದೆ ನಾಲ್ಕು ವರ್ಷ ಸಾಕಿದ ಗಿಡ.

ಸಂಜೆ ಏಳಕ್ಕೆ ಅಕ್ಕಪಕ್ಕದವರು ಜಪಸರಕ್ಕೆ ಬಂದರು. ಖಾಲಿ ಕೈ ಕಾಣದಿರಲಿ ಅಂತ ಮಲ್ಲಿಗೆ ಹಾರ ಇಳಿಬಿಟ್ಟಿದ್ದೆ. ಮೂರನೇ ರಹಸ್ಯದ, ಅಂದರೆ ಜಪದ ಮೂರನೇ ಸುತ್ತಿನ, ಹೊತ್ತಿಗೆ ಫ್ಯಾನ್ ಗಾಳಿಗೆ ಹಾರ ಸರಿಯಿತು. ಅಂತೋಣಿಯವರ ಕೈಯಲ್ಲಿ ಹಸಿರು ಬಣ್ಣದ ಪ್ಲಾಸ್ಟಿಕ್ ಡೈನೋಸಾರ್ ಕೂತಿತ್ತು. ಬಾಲ ಇತ್ತು, ಯೇಸು ಇರಲಿಲ್ಲ. ಸಂತರಿಗೆ ಬೇಜಾರಾಗಬಾರದು ಅಂತ ಮಗಳು ಇಟ್ಟಿದ್ದಳಂತೆ. ನಾನು ಕಣ್ಣು ಮುಚ್ಚಿಕೊಂಡೆ, ಎಲ್ಲರೂ ಭಕ್ತಿ ಅಂದುಕೊಂಡರು. ಜಪ ಮುಗಿದ ಮೇಲೆ ಎದುರು ಮನೆಯ ಆಂಟಿ ಎಂದಿನಂತೆ ಮುಂದೆ ಬಂದು, ಮಗುವಿನ ಪಾದ ಅಂತ ಡೈನೋಸಾರಿನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವರಿಗೆ ಆಪರೇಷನ್ ಆಗಬೇಕಾದ ಪೊರೆ ಇದೆ, ಅದು ನಮ್ಮ ಪುಣ್ಯ. ಮಗ ಕೇಸರಿಬಾತಿನ ತಟ್ಟೆ ಸಮೇತ ಬಚ್ಚಲಿಗೆ ಓಡಿ ನಕ್ಕ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಅತ್ತೆಗೆ ನಾಲ್ಕು ಮಾತು ಹೇಳಿಯೇಬಿಡೋಣ ಅಂತ ಎದ್ದುಬಂದೆ. ಅತ್ತೆ ಪೀಠದ ಮುಂದೆ ಕೂತು ಬೈಯುತ್ತಿದ್ದರು. "ಒಂದು ಕೆಲಸ ಹೇಳಿದ್ರೆ ನೆಟ್ಟಗೆ ಮಾಡಲ್ಲ ನೀವು. ಯಾವಾಗಲೂ ಹಿಂಗೇ. ಹೋಗುವಾಗಲೂ ಒಂದು ಮಾತು ಹೇಳಿ ಹೋಗ್ಲಿಲ್ಲ."

ಡೋರ್ನಹಳ್ಳಿಯವರು ಎಲ್ಲಿಗೂ ಹೋಗಿರಲಿಲ್ಲ, ಮುಂದೆಯೇ ನಿಂತಿದ್ದರು. ನಾನು ನೀರು ಕುಡಿಯಲು ಬಂದವಳ ಹಾಗೆ ಅಡುಗೆಮನೆಗೆ ಹೋಗಿ, ಹಾಗೇ ವಾಪಸ್ಸು ಬಂದು ಮಲಗಿದೆ.

ಬೆಳಗ್ಗೆ ಅತ್ತೆ ಪಿಂಚಣಿ ವಿಚಾರಕ್ಕೆ ಬ್ಯಾಂಕಿಗೆ ಹೊರಟರು. ಕನ್ನಡಕದ ಡಬ್ಬಿ ತಗೊಂಡು ಬಾ ಅಂತ ಮಗನನ್ನು ಕಳಿಸಿದರು. ಅವನು ಬರುತ್ತಾ ಬರುತ್ತಾ ಡಬ್ಬಿ ತೆರೆದ. ಒಳಗೆ ಹಳದಿ ಬಟ್ಟೆ ಹೊದ್ದುಕೊಂಡು ಬಾಲ ಯೇಸು ಮಲಗಿದ್ದ.

ಮನೆಯಲ್ಲಿ ಒಂದು ನಿಮಿಷ ಸದ್ದಿಲ್ಲ. ಮಕ್ಕಳಿಬ್ಬರೂ ಸೊಂಟದ ಮೇಲೆ ಕೈಯಿಟ್ಟು ಅಜ್ಜಿಯನ್ನು ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡರು.

"ಕನ್ನಡಕ ಕೊಡ್ಲಿಲ್ಲ ಅಂತ ಎತ್ತಿಟ್ಟಿದ್ದೆ. ಗೋಡೆ ಕಡೆ ತಿರುಗಿಸಿದ್ರೂ ಬಗ್ಗಲಿಲ್ಲ, ಇನ್ನೇನು ಮಾಡ್ಲಿ?" ಅಂದವರು, ಮಗುವನ್ನು ನನ್ನ ಕೈಗೆ ಕೊಟ್ಟು ಚಪ್ಪಲಿ ಮೆಟ್ಟಿಕೊಂಡರು. "ಫೆವಿಕ್ವಿಕ್ ಜಾಸ್ತಿ ಹಾಕ್ಬೇಡ. ಮುಂದಿನ ಸಲ ಕೀಳೋಕೆ ಬರಲ್ಲ."