ನಿಬಿರು ಗ್ರಹ ಬಂದು ಬಡಿಯುತ್ತದೆಯೇ? ಸತ್ಯಾಂಶ ಹೀಗಿದೆ

ಸೂರ್ಯನ ಹಿಂದೆ ಅಡಗಿರುವ ನಿಬಿರು ಎಂಬ ಗ್ರಹ ಭೂಮಿಗೆ ಡಿಕ್ಕಿ ಹೊಡೆಯಲಿದೆ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಅದು ನಿಜವಲ್ಲ. ಇದೇ ಕಥೆ 2003, 2012, 2017 ಅಂತ ದಿನಾಂಕ ಬದಲಿಸಿಕೊಂಡು ಬರುತ್ತಲೇ ಇದೆ.

ಗೊಂದಲಕ್ಕೆ ಕಾರಣವೂ ಇದೆ ಅನ್ನಿ. ನೆಪ್ಚೂನ್ ಆಚೆಗಿನ ಕೆಲವು ಪುಟ್ಟ ಹಿಮಕಾಯಗಳ ಕಕ್ಷೆಗಳು ಒಂದೇ ಕಡೆ ವಾಲಿದಂತೆ ಕಾಣುತ್ತವೆ. ಅವನ್ನು ಎಳೆಯುವ ದೊಡ್ಡ ಗ್ರಹವೊಂದು ಇರಬಹುದು ಎಂದು 2016ರಲ್ಲಿ ಖಗೋಳ ವಿಜ್ಞಾನಿಗಳು ಲೆಕ್ಕ ಹಾಕಿದರು. 'ಒಂಬತ್ತನೇ ಗ್ರಹ' ಅಂತ ಹೆಸರೂ ಬಿತ್ತು. ಯಾರ ಕಣ್ಣಿಗೂ ಇನ್ನೂ ಬಿದ್ದಿಲ್ಲ. ಇದ್ದರೂ ಅದು ಭೂಮಿ-ಸೂರ್ಯರ ನಡುವಿನ ದೂರದ ನೂರಾರು ಪಟ್ಟು ಆಚೆ. ಒಂದು ಸುತ್ತಿಗೇ ಸಾವಿರಾರು ವರ್ಷ ಬೇಕು. ಅದರ ದಾರಿ ನಮ್ಮ ಹತ್ತಿರಕ್ಕೂ ಬರುವುದಿಲ್ಲ.

ನೀವೇ ಯೋಚಿಸಿ. ಭೂಮಿ ಸೂರ್ಯನನ್ನು ಸುತ್ತುತ್ತಲೇ ಇರುತ್ತದೆ. ಇವತ್ತು ಸೂರ್ಯನ ಹಿಂದಿರುವ ಗ್ರಹ ಕೆಲವು ತಿಂಗಳಲ್ಲಿ ರಾತ್ರಿ ಆಕಾಶಕ್ಕೆ ಬರಬೇಕು. ಬಡಿಯುವಷ್ಟು ಹತ್ತಿರವಿದ್ದರೆ ಶುಕ್ರ, ಗುರುವಿನಂತೆ ಬರಿಗಣ್ಣಿಗೇ ಕಾಣಬೇಕು, ಅಲ್ವಾ?

ಇನ್ನು ನಿಬಿರುವಿಗೆ ಸಾಕ್ಷಿ ಅಂತ ಹಂಚುವ, ಆಕಾಶದಲ್ಲಿ 'ಎರಡು ಸೂರ್ಯ' ಕಾಣುವ ಫೋಟೊ. ಹೆಚ್ಚಾಗಿ ಅದು ಲೆನ್ಸ್ ಒಳಗಿನ ಪ್ರತಿಫಲನ. ರಾತ್ರಿ ಬೀದಿದೀಪಕ್ಕೆ ಫೋನ್ ಕ್ಯಾಮೆರಾ ಹಿಡಿದು ಸ್ವಲ್ಪ ಓರೆ ಮಾಡಿ ನೋಡಿ. ದೀಪದ ಪಕ್ಕ ಪುಟ್ಟ ಬೆಳಕಿನ ಚುಕ್ಕಿ ಕಂಡರೆ, ಫೋನ್ ಅಲುಗಿದಂತೆಲ್ಲ ಅದೂ ಜಾರುತ್ತದೆ.