ಬಾಲಕ್ಕೆ ಹಾಳೆ ಸಾಲಲಿಲ್ಲ
ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಮಕ್ಕಳಿಗೆ ಚಿತ್ರ, ಆಟಗಳಿಂದ ಹಿಮಚಿರತೆಯ ಪರಿಚಯ ಮಾಡಿಸುವ ಬಗ್ಗೆ ಓದಿ ಖುಷಿಯಾಯಿತು. ಅಲ್ಲಿ ಕೆಲಸ ಮಾಡುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಮ್ಮ ಮೈಸೂರಿನದೇ ಅಲ್ವಾ!

ರಜೆಯಲ್ಲಿ ತಂಗಿಯ ಮಗಳಿಗೆ ಹಿಮಚಿರತೆ ಬಿಡಿಸು ಅಂದೆ. ಬಾಲ ಹೆಚ್ಚುಕಡಿಮೆ 1 ಮೀಟರ್, ಚಳಿಯಲ್ಲಿ ಅದನ್ನೇ ಸುತ್ತಿಕೊಂಡು ಮಲಗುತ್ತದೆ ಅಂದಿದ್ದೇ ತಡ, ಇನ್ನೊಂದು ಹಾಳೆ ಅಂಟಿಸಿ ಬಾಲ ಮುಂದುವರಿಸಿದಳು. ಆಮೇಲೆ ಮಚ್ಚೆ ಬರೆದ ಬೂದುಬಣ್ಣದ ಕಾಗದದ ಮರಿಗಳನ್ನು ಅಂಗಳದ ಕಲ್ಲುಗಳ ನಡುವೆ ಬಚ್ಚಿಟ್ಟು ಹುಡುಕುವ ಆಟ. ಒಂದು ಮರಿ ಇನ್ನೂ ಸಿಕ್ಕಿಲ್ಲ! ಮಚ್ಚೆ ಯಾಕೆ ಅಂತ ಬೇರೆ ಹೇಳಬೇಕಾಗಲಿಲ್ಲ.

ಒಂದು ಮಾತು. ಹಿಮಚಿರತೆಯ ಬಾಯಿಗೆ ಕುರಿ ಕಳೆದುಕೊಂಡವರ ಪಾತ್ರವನ್ನೂ ಮಕ್ಕಳಿಂದ ಆಡಿಸಬೇಕು. ಅಲ್ಲಿನ ಮನೆಗಳಿಗೆ ಅದು ನಿಜವಾದ ಕಷ್ಟ. ಸುಮ್ನೆ ಮುದ್ದು ಪ್ರಾಣಿ ಅಂದರೆ ಆ ಮಕ್ಕಳು ನಂಬುವುದಿಲ್ಲ.